ಕೆಂಪಗೆ ಬೆಳಗುವ ಗುರಿಗೆರೆ

ಅಪ್ಪಾ,

ಸೋಮವಾರ ಇವರು ನಿನ್ನ ಬಂದೂಕಿನ ಅಂಗಡಿಗೆ ಬರುತ್ತಾರೆ. ಮುಸ್ಸಂಜೆಯಲ್ಲಿ ಹಂದಿಗಳಿಂದ ಜೋಳದ ಹೊಲ ಕಾಯಲು ಬಂದೂಕಿನ ಮೇಲೆ ಕೂರಿಸುವ ಹೊಸ ಸ್ಕೋಪ್ ಬೇಕಂತೆ, ಒಳಗಿನ ಗುರಿಗೆರೆ ಕೆಂಪಗೆ ಬೆಳಗುವಂಥದ್ದು. ಈಗಿನದರ ಕಪ್ಪು ಗೆರೆ ಮಸುಕಿನಲ್ಲಿ ಕಾಣುವುದಿಲ್ಲ.

ಮೊನ್ನೆ ಊಟಕ್ಕೆ ಕೂತಾಗ, "ದೊಡ್ಡ ಹಂದಿ ಕಣೇ, ಬದುವಿನ ಹತ್ರಾನೇ ಇತ್ತು. ಗೆರೆ ಕಂಡಿದ್ರೆ ಕೆಡವಿಬಿಡ್ತಿದ್ದೆ" ಎಂದರು. ನಾನು ತಟ್ಟೆಗೆ ಇನ್ನಷ್ಟು ಬಡಿಸಿದೆ.

ಬದುವಿನ ಹತ್ತಿರ ಇದ್ದದ್ದು ನಾನು, ಅಪ್ಪಾ. ರಚ್ಚೆ ಹಿಡಿದಿದ್ದ ಮಗು ಹೆಗಲ ಮೇಲೆ ಆಗಷ್ಟೇ ಮಲಗಿತ್ತು. ಕಂದು ಕಂಬಳಿ ಹೊದ್ದು, ಬಿದ್ದ ಅದರ ಕಾಲುಚೀಲ ಹುಡುಕುತ್ತಾ ಬಗ್ಗಿದ್ದೆ. ನೋಡಿದರೆ ಅಟ್ಟಣೆಯ ಮೇಲಿನಿಂದ ಇವರ ಬಂದೂಕಿನ ನಳಿಗೆ ನಮ್ಮ ಕಡೆಗೇ ತಿರುಗಿತ್ತು. ಅದು ಕೆಳಗಿಳಿಯುವವರೆಗೂ ಉಸಿರು ಬಿಡಲಿಲ್ಲ.

ಇವರು ಸ್ಕೋಪಿನಲ್ಲೇ ಹೊಲವನ್ನೆಲ್ಲ ನೋಡುತ್ತಾರೆ. ಗೆರೆ ಬೆಳಗಿದರೆ ಗುರಿ ಸಿಗುತ್ತದೆ, ಎದುರಿಗೆ ಯಾರಿದ್ದಾರೆಂದು ತಿಳಿಯುವುದಿಲ್ಲ. ಮಸುಕಿನಲ್ಲೂ ನಿಚ್ಚಳವಾಗಿ ತೋರಿಸುವ ಅಗಲ ಗಾಜಿನದು ಕೊಡು, ಕಣ್ಣು ಕುಕ್ಕದ ಹಾಗೆ ಗೆರೆಯ ಬೆಳಕನ್ನು ತೀರಾ ಮಂದವಾಗಿಸಲು ಬರುವಂಥದ್ದು. ಜೊತೆಗೊಂದು ದುರ್ಬೀನು ಕೊಟ್ಟು, "ಮೊದಲು ಇದರಲ್ಲಿ ನೋಡಿ, ಆಮೇಲೆ ಬಂದೂಕು ಎತ್ತಿ" ಅನ್ನು. ಎಲ್ಲ ಗಿರಾಕಿಗಳಿಗೂ ಹೇಳುವ ಹಾಗೆ ಹೇಳು.

ನನ್ನ ವಿಷಯ ಮಾತ್ರ ಎತ್ತಬೇಡ. ಗೊತ್ತಾದರೆ ಇವರು ಮತ್ತೆ ಮಗುವನ್ನು ಎತ್ತಿಕೊಳ್ಳಲಾರರು.

ಎರಡು ದಿನದಿಂದ ಕಣ್ಣು ಮುಚ್ಚದ
ನಿನ್ನ ಮಗಳು