ಕೆರೆಯೊಳಗಿನ ಬದು

ಜೂನ್ ೧೧, ಬೆಳಿಗ್ಗೆ

ಮತ್ತೆ ಅದೇ ಬಣ್ಣ. ನಮ್ಮ ಶುದ್ಧೀಕರಣ ಘಟಕಕ್ಕೆ ಕೆರೆಯಿಂದ ಬರುವ ನೀರು ಹಾಲು ಕಡಿಮೆಯಾದ ಚಹಾದಂತಿದೆ. ಜಾರ್ ಟೆಸ್ಟ್ ಇಟ್ಟೆ. ಸಾಲಾಗಿ ಗಾಜಿನ ಜಾಡಿಗಳು, ಒಂದೊಂದಕ್ಕೂ ಒಂದೊಂದು ಅಳತೆ ಆಲಂ, ಅಂದರೆ ಪಟಿಕ. ಯಾವುದರಲ್ಲಿ ರಾಡಿ ಚೆನ್ನಾಗಿ ತಳಕ್ಕಿಳಿಯುತ್ತದೋ ಅದೇ ಇಡೀ ದಿನದ ಡೋಸ್. ಇವತ್ತು ಎಲ್ಲಕ್ಕಿಂತ ಹೆಚ್ಚು ಹಾಕಿದ ಜಾಡಿಯೂ ಮುಖ ಗಂಟಿಕ್ಕಿಕೊಂಡೇ ಕೂತಿತ್ತು.

ಪಂಪಿನವನು ಇಣುಕಿ ನೋಡಿದ. "ಅಕ್ಕಾ, ಇದಕ್ಕೇ ಒಂಚೂರು ಸಕ್ಕರೆ ಹಾಕಿ ಬಿಡೋಣ. ಬೆಳಿಗ್ಗೆ ಬೆಳಿಗ್ಗೆ ಜನ ಖುಷಿಯಾಗ್ತಾರೆ."

ನಗು ಬಂತು. ಬೈದೆ ಕೂಡ. ಆಸ್ಪತ್ರೆ, ಶಾಲೆ, ಬಾಣಂತಿಯರು, ಎಲ್ಲರ ಹೊಟ್ಟೆಗೂ ಹೋಗುವುದು ಇದೇ ನೀರು.

ಜೂನ್ ೧೩

ಅಪ್ಪ ಲ್ಯಾಬಿಗೆ ಬಂದಿದ್ದ. ಕ್ವಾರ್ಟರ್ಸ್‌ನಿಂದ ಇಲ್ಲಿಗೆ ಅಂಗಳ ದಾಟಿದರಾಯಿತು; ಕಣ್ಣು ಮಂಜಾದರೂ ಗೋಡೆ ಹಿಡಿದು ಬರುತ್ತಾನೆ. ಕಾಲಲ್ಲಿ ಚಪ್ಪಲಿ. ಮನೆಯೊಳಗೂ ತೆಗೆಯುವುದಿಲ್ಲ, ಸಿಮೆಂಟು ನೆಲ ಕೊರೆಯುತ್ತದಂತೆ. ಜೀವಮಾನದಲ್ಲಿ ಚಪ್ಪಲಿ ಬಿಡುತ್ತಿದ್ದದ್ದು ಹೊಲದ ಅಂಚಿನಲ್ಲಿ ಮಾತ್ರ. ಅಲ್ಲಿ ಜೋಡಿಸಿಟ್ಟು, ಬರಿಗಾಲಲ್ಲಿ ಒಳಗೆ.

ಜಾಡಿಯ ತಳದ ಮಣ್ಣನ್ನು ಬೆರಳಲ್ಲಿ ಉಜ್ಜಿ ನೋಡಿದ. ನಾಲಗೆಗೂ ಇಟ್ಟ. ನಾನು "ಛೀ ಅಪ್ಪಾ" ಅನ್ನುವಷ್ಟರಲ್ಲಿ ನುಂಗಿಯೇಬಿಟ್ಟಿದ್ದ.

"ಇದು ನಮ್ದು ಕಣೇ."

"ಏನು ನಮ್ದು?"

"ಮೇಲಿನ ತಾಕಿನ ಮಣ್ಣು. ಇಲ್ಲಿಗ್ಯಾಕೆ ಬಂತು?"

ನಮ್ಮ ಹೊಲ ಇಳಿಜಾರಿನಲ್ಲಿದೆ. ಅದರ ಕೆಳಗಿನ ಹಳ್ಳವೇ ಈ ಕೆರೆಗೆ ಬರುವುದು. ಬರಬಹುದು, ಬರಲಿ. ಆದರೆ ಅಪ್ಪ ಆ ಬೆರಳು ತೊಳೆಯಲಿಲ್ಲ. ಊಟವನ್ನೂ ಎಡಗೈಯಲ್ಲೇ ಮಾಡಿದ.

ಜೂನ್ ೧೪

ಅಣ್ಣನಿಗೆ ಫೋನ್ ಮಾಡಿದೆ. ಹೊಲದ ಮಣ್ಣು ಯಾಕೆ ಕೊಚ್ಚಿ ಬರುತ್ತಿದೆ ಎಂದು ಕೇಳಿದ್ದೇ ತಡ, ಒಪ್ಪಿಕೊಂಡ.

"ಹೂಂ, ಬದು ಕಿತ್ತಾಕಿದೆ. ಹೆಜ್ಜೆಗೊಂದು ಬದು ಇದ್ರೆ ಟ್ರ್ಯಾಕ್ಟರ್ ಎಲ್ಲಿ ತಿರುಗಿಸ್ಲಿ? ಈಗ ಮೇಲಿಂದ ಕೆಳಗೆ ಒಂದೇ ಸಾಲು. ನೋಡೋಕೇ ಎಷ್ಟು ಚೆಂದ ಗೊತ್ತಾ."

"ಅದು ಸಾಲಲ್ಲ ಮಾರಾಯ, ಚರಂಡಿ. ನಿನ್ನ ಹೊಲ ಪೂರ್ತಿ ನನ್ನ ಫಿಲ್ಟರಲ್ಲಿ ಕೂತಿದೆ. ಗೊಬ್ಬರ ಸಮೇತ."

"ನೀನು ನೀರು ಸೋಸು, ನಾನು ಹೊಲ ಉಳ್ತೀನಿ. ಅವರವರ ಕೆಲಸ ಅವರವರು ಮಾಡೋಣ."

ಇಟ್ಟುಬಿಟ್ಟ. ಮೈಯೆಲ್ಲ ಉರಿಯಿತು. ಆ ಬದುಗಳನ್ನು ಅಪ್ಪ ಅಮ್ಮ ಇಬ್ಬರೇ ಹಾಕಿದ್ದು. ಅಪ್ಪ ಗುದ್ದಲಿಯಲ್ಲಿ ಮಣ್ಣು ಎಳೆಯುವುದು, ಅಮ್ಮ ಬುಟ್ಟಿಯಲ್ಲಿ ಸುರಿದು, ಬದುವಿನ ನೆತ್ತಿಯನ್ನು ಅಂಗೈಯಲ್ಲಿ ತಟ್ಟಿ ತಟ್ಟಿ ಕೂರಿಸುವುದು. ಮಗುವಿನ ಬೆನ್ನು ತಟ್ಟಿದ ಹಾಗೆ. ಆಮೇಲೆ ಉದ್ದಕ್ಕೂ ಲಾವಂಚ ನೆಡುವುದು, ಬೇರು ಮಣ್ಣು ಹಿಡಿಯಲಿ ಅಂತ. ಅಮ್ಮನನ್ನು ಮಣ್ಣು ಮಾಡಿದ್ದೂ ಅಲ್ಲೇ, ಎಲ್ಲಕ್ಕಿಂತ ಮೇಲಿನ ಬದುವಿನ ಪಕ್ಕ. ವರ್ಷವಾಗುತ್ತ ಬಂತು.

ಅಪ್ಪನಿಗೆ ಇದೇನೂ ಹೇಳಲಿಲ್ಲ.

ಜುಲೈ ೩

ಬರೆಯಲು ಪುರುಸೊತ್ತಿಲ್ಲ. ಮಳೆ, ಮಳೆ, ಮಳೆ. ಫಿಲ್ಟರ್ ತೊಳೆದಷ್ಟೂ ಕಟ್ಟಿಕೊಳ್ಳುತ್ತದೆ. ಊರಿಗೆ ದಿನ ಬಿಟ್ಟು ದಿನ ನೀರು. ಫೋನಿನಲ್ಲಿ ಬೈಸಿಕೊಂಡು ಕಿವಿ ಬಿಸಿ.

ಹಳ್ಳ ಬಂದು ಸೇರುವ ಕಡೆ ಕೆರೆ ತುಂಬುತ್ತಿದೆ. ನೀರಿದ್ದಲ್ಲಿ ಈಗ ನೆಲ. ದೂರಕ್ಕೆ ಗಟ್ಟಿ ಮೈದಾನ ಅನ್ನಿಸುತ್ತದೆ, ಆದರೆ ಬರೀ ಹೂಳು. ಪಂಪಿನವನು ದೋಣಿಯಲ್ಲಿ ಹೋಗಿ ಉದ್ದನೆಯ ಗಳ ಚುಚ್ಚಿದ. ಗಳ ಹೋಗಿಯೇ ಹೋಯಿತು, ವಾಪಸ್ ಬರಲಿಲ್ಲ. "ಆನೆ ಇಳಿದ್ರೂ ಬಾಲ ಕಾಣ್ಸಲ್ಲ ಅಕ್ಕಾ" ಎಂದ. ಈ ಸಲ ನಗಿಸಲು ಹೇಳಿದ್ದಲ್ಲ.

ಹೂಳಿನ ನಡುವೆ ದಿಣ್ಣೆಯಂಥ ಒಂದು ಏರು. ನೇರ ಅಲ್ಲ, ಸ್ವಲ್ಪ ಬಾಗಿದೆ. ಹಳ್ಳಕ್ಕೆ ಅಡ್ಡವಾಗಿ.

ಜುಲೈ ೬, ಸಂಜೆ

ಅಪ್ಪ ನೀರಿಗೆ ಇಳಿಯುವ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಕೆರೆ ಕಡೆಗೇ ಮುಖ ಮಾಡಿದ್ದ. ಅವನಿಗೆ ಅಷ್ಟು ದೂರ ಕಾಣುವುದಿಲ್ಲ. ನನಗೆ ಗೊತ್ತು, ಡಾಕ್ಟರಿಗೂ ಗೊತ್ತು.

"ಬದು ಚೆನ್ನಾಗಿ ಬಂದಿದೆ," ಎಂದ.

"ಅದು ಹೂಳಪ್ಪಾ. ನೀರು ತಂದು ಗುಡ್ಡೆ ಹಾಕಿದ್ದು."

"ನೀರು ಕೀಳತ್ತೆ. ಕಟ್ಟಲ್ಲ." ಆಮೇಲೆ, "ಪಾಪ, ಒಬ್ಬಳೇ."

ಒಳಗೆ ಕರೆದುಕೊಂಡು ಬಂದೆ. ಬಾಗಿಲ ಚಿಲಕ ಹಾಕಿದೆ. ಸುಳ್ಳು ಯಾಕೆ, ಭಯವಾಯಿತು.

ಜುಲೈ ೯

ಸ್ಯಾಂಪಲ್ ತರುವ ನೆಪ ಮಾಡಿ ದೋಣಿಯಲ್ಲಿ ಹತ್ತಿರಕ್ಕೆ ಹೋದೆ. ಏರು ಉದ್ದವಾಗಿದೆ, ನಮ್ಮ ಕಡೆಗೆ ತಿರುಗಿದೆ. ಮೇಲೆ ಲಾವಂಚದ ಬುಡಗಳು, ಸಾಲಾಗಿ, ಚಿಗುರಿವೆ. ಅಣ್ಣ ಕಿತ್ತೆಸೆದದ್ದು ಕೊಚ್ಚಿಕೊಂಡು ಬಂದು ಬೇರು ಬಿಟ್ಟಿರಬಹುದು. ಆಗುವಂಥದ್ದೇ.

ನೆತ್ತಿಯ ಮೇಲೆ ಗುರುತುಗಳು. ಹಕ್ಕಿ ಕಾಲು ಅಂದುಕೊಂಡೆ. ಹಕ್ಕಿಗೆ ಅಂಗೈ ಇರುವುದಿಲ್ಲ.

ಪಂಪಿನವನಿಗೆ ತೋರಿಸಬೇಕೆಂದು ತಿರುಗಿದೆ. ಅವನು ಆಗಲೇ ದೋಣಿ ಹಿಂದಕ್ಕೆ ತಳ್ಳುತ್ತಿದ್ದ.

ಮನೆಗೆ ಬಂದರೆ ಅಪ್ಪ ಕೇಳಿದ್ದು ಒಂದೇ. "ನೆತ್ತಿ ತಟ್ಟಿದಾಳಾ?"

ಜುಲೈ ೧೨

ಎಂಜಿನಿಯರ್ ಸಾಹೇಬರು ಬಂದು ದಡದಲ್ಲೇ ನಿಂತು ನೋಡಿದರು. ಹರಿವು ನಿಧಾನವಾದ ಕಡೆ ಹೂಳು ಹೀಗೇ ದಿಣ್ಣೆ ಕಟ್ಟುತ್ತದೆ ಎಂದರು. ಅವರು ಹೇಳಿದ್ದು ಸರಿಯೇ, ನಾನೂ ಓದಿದ್ದೇನೆ. ಮಳೆ ನಿಂತ ಮೇಲೆ ತೆಗೆಸುತ್ತಾರಂತೆ. ಬೂಟು ಒರೆಸಿಕೊಂಡು ಹೋದರು. ಎಷ್ಟು ಸಮಾಧಾನವಾಯಿತೆಂದರೆ ಎರಡು ಲೋಟ ಚಹಾ ಕುಡಿದೆ.

ಜುಲೈ ೧೭

ಅಣ್ಣ ಬಂದ. ಕರೆಯದೆ ಬರುವವನಲ್ಲ. ಅಂಗಳದಲ್ಲೇ ನಿಂತು ತಲೆ ಕೆರೆದುಕೊಂಡ.

"ಅಪ್ಪಂಗೆ ಹೇಳ್ಬೇಡ. ಮೇಲಿನ ತಾಕು ಕೊರೆದು ಹೋಗಿದೆ. ಆಳುದ್ದದ ಕೊರಕಲು. ಅಮ್ಮನ ಜಾಗ... ಇಲ್ಲ."

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ. ಹುಡುಕಿದೆ. ಹಳ್ಳದಲ್ಲೆಲ್ಲ ಹುಡುಕಿದೆ." ಅಳುತ್ತಿದ್ದ. ಬೈಯಬೇಕೆಂದು ಎಷ್ಟು ದಿನದಿಂದ ಕಾದಿದ್ದೆ. ಅವನ ಭುಜ ಹಿಡಿದುಕೊಂಡೆ.

ಅಪ್ಪ ಬಾಗಿಲಲ್ಲೇ ಇದ್ದ.

"ಗೊತ್ತು ಬಿಡೋ. ಅವಳು ಮಣ್ಣಿನ ಹಿಂದೇನೇ ಬಂದ್ಲು. ಮಣ್ಣು ಬಿಟ್ಟು ಎಲ್ಲಿರ್ತಾಳೆ?" ಸಿಟ್ಟಿರಲಿಲ್ಲ. "ಈಗ ಹೇಳು. ಹೊಲಕ್ಕೆ ಬದು ನೀನು ಹಾಕ್ತೀಯೋ, ಇಲ್ಲಿ ನಾನು ಅವಳ ಜೊತೆ ಸೇರ್ಕೊಳ್ಲೋ?"

"ಹಾಕ್ತೀನಪ್ಪಾ. ಈ ಬೆಳೆ ಕೈಗೆ ಬಂದ್ಬಿಡ್ಲಿ."

"ಅಲ್ಲೀತನಕ ಅವಳೊಬ್ಬಳೇ ಮಾಡ್ತಿರ್ಬೇಕಾ?"

ಅಣ್ಣ ಕಣ್ಣೊರೆಸಿಕೊಂಡು ಊರಿಗೆ ಹೊರಟ.

ಜುಲೈ ೧೮

ಹಿಂಬಾಗಿಲಿಗೆ ಬೀಗ. ಕೀಲಿ ನನ್ನ ಸೊಂಟದಲ್ಲಿ. ಅಪ್ಪ ಗುದ್ದಲಿ ಕೇಳಿದ. ಇಲ್ಲ ಎಂದೆ. "ಬುಟ್ಟಿ?" ಅದೂ ಇಲ್ಲ. ಚಿಕ್ಕ ಮಕ್ಕಳ ಹಾಗೆ ಗೋಡೆ ಕಡೆ ತಿರುಗಿ ಮಲಗಿದ. ನನ್ನ ಅಪ್ಪನನ್ನು ನಾನೇ ಕೂಡಿಹಾಕಿದ್ದೇನೆ. ಆದರೆ ಆ ಗಳ ಹೋದ ರೀತಿ ಕಣ್ಣೆದುರೇ ಇದೆ.

ಜುಲೈ ೨೨

ರಾಡಿ ಕಡಿಮೆಯಾಗುತ್ತಿದೆ. ಹಳ್ಳ ಮಾತ್ರ ಕೆಂಪಗೇ ಬರುತ್ತಿದೆ. ಏರಿನ ಆಚೆ ಕೆಂಪು, ಈಚೆ ತಿಳಿ.

ಊರಿನಿಂದ ಫೋನು, ಈ ಸಲ ಬೈಗುಳವಲ್ಲ. ನಲ್ಲಿ ನೀರು ಘಮ್ಮೆನ್ನುತ್ತಿದೆ, ಏನು ಹಾಕುತ್ತೀರಿ ಎಂದು ಒಬ್ಬ ಹೆಂಗಸು ಕೇಳಿದಳು. ಏನಿಲ್ಲ ಎಂದೆ. ಲೋಟದಲ್ಲಿ ಹಿಡಿದು ನೋಡಿದೆ. ಲಾವಂಚ. ಅಮ್ಮ ಕುಡಿಯುವ ನೀರಿನ ಮಡಕೆಗೆ ಒಂದು ಎಳೆ ಬೇರು ಹಾಕಿಡುತ್ತಿದ್ದಳು.

ಕುಡಿಯಲಾಗಲಿಲ್ಲ. ಚೆಲ್ಲಲೂ ಆಗಲಿಲ್ಲ. ಲೋಟ ಕಿಟಕಿಯಲ್ಲೇ ಇದೆ.

ಜುಲೈ ೨೫

ಏರಿನ ತುದಿ ನಮ್ಮ ಹಿಂಬಾಗಿಲ ಮೆಟ್ಟಿಲಿಗೆ ಬಂದು ತಾಗಿದೆ.

ನಿನ್ನೆ ಇನ್ನೂ ನಡುವೆ ನೀರಿತ್ತು, ಬಾತುಗಳು ಓಡಾಡುತ್ತಿದ್ದವು. ನಾನೇ ನೋಡಿದ್ದೆ. ಅಣ್ಣನಿಗೆ ಫೋನ್ ಮಾಡಿ ಅತ್ತೆ. ಇವತ್ತೇ ಯಂತ್ರ ತರಿಸು, ಬದು ಹಾಕು, ಬೆಳೆ ಹಾಳಾದರೆ ಆಗಲಿ ಎಂದೆ. "ಕಾಳು ಕಟ್ಟೋ ಹೊತ್ತು ಕಣೇ. ಇನ್ನೊಂದು ಸ್ವಲ್ಪ ದಿನ ತಡ್ಕೋ" ಎಂದ. ಪಾಪಿ.

ಅಪ್ಪ ಎಲ್ಲ ಕೇಳಿಸಿಕೊಂಡ.

ಜುಲೈ ೨೮

ಮಳೆ ಬಿಟ್ಟಿದೆ. ಬಿಸಿಲು. ಅಪ್ಪ ತಾನಾಗಿಯೇ ಎದ್ದು ಸ್ನಾನ ಮಾಡಿದ, ಎರಡು ಸಲ ಅನ್ನ ಹಾಕಿಸಿಕೊಂಡ. ಪಂಪಿನವನ ಜೊತೆ ಹರಟೆ ಹೊಡೆದ. "ನಿಮ್ಮಕ್ಕ ನನ್ನ ಜೈಲಿಗೆ ಹಾಕಿದಾಳೆ ನೋಡಯ್ಯಾ" ಎಂದು ನಕ್ಕ. ನಾಚಿಕೆಯಾಯಿತು. ಓದಿದವಳು, ನೀರು ಪರೀಕ್ಷೆ ಮಾಡುವವಳು, ಒಂದು ಮಣ್ಣಿನ ದಿಣ್ಣೆಗೆ ಹೆದರಿ ಕೂತಿದ್ದೇನಲ್ಲ.

ಬೀಗ ತೆಗೆದೆ. ಅಪ್ಪ ತಲೆ ಸವರಿದ. "ಒಳ್ಳೇ ಹುಡುಗಿ."

ಜುಲೈ ೨೯, ಬೆಳಿಗ್ಗೆ

ಜಾರ್ ಟೆಸ್ಟ್ ಮಾಡುವ ಅಗತ್ಯವೇ ಬರಲಿಲ್ಲ! ನೀರು ಅಷ್ಟು ತಿಳಿ. ಜಾಡಿಯ ಆಚೆ ಹಿಡಿದ ಕಾಗದ ಓದಬಹುದು. ರಾಡಿ ಅಳೆಯುವ ಮೀಟರ್ ಕೆಟ್ಟಿದೆಯೇ ಎಂದು ಎರಡು ಸಲ ನೋಡಿದೆ. ಪಂಪಿನವನು ಬೊಗಸೆಯಲ್ಲಿ ಕುಡಿದು, "ಅಕ್ಕಾ, ಸೋಸೋಕೆ ಮುಂಚೇನೇ ಹಿಂಗಿದ್ರೆ ನಮ್ಮಿಬ್ಬರ ಕೆಲಸ ಹೋಯ್ತು ಅಂತ್ಲೇ" ಎಂದ. ಕಿಟಕಿಯಿಂದ ನೋಡಿದರೆ ಏರು ಎತ್ತರವಾಗಿದೆ, ಅಗಲವೂ ಆಗಿದೆ. ರಾತ್ರಿ ಬೆಳಗಾಗುವುದರಲ್ಲಿ ಇಬ್ಬರು ಮಾಡುವಷ್ಟು ಕೆಲಸ.

ಚಹಾ ಮಾಡಿ ಅಪ್ಪನಿಗೂ ಒಯ್ಯಬೇಕು. ನಾನು ಹೊರಡುವಾಗ ಇನ್ನೂ ಮುಸುಕು ಹೊದ್ದೇ ಇದ್ದ, ಹೊದಿಕೆ ಸರಿಸಿ ನೋಡಲಿಲ್ಲ, ಎಬ್ಬಿಸಲೂ ಇಲ್ಲ. ಹಿಂಬಾಗಿಲಿನಿಂದಲೇ ಬಂದೆ. ಮೆಟ್ಟಿಲ ಮೇಲೆ ಅವನ ಚಪ್ಪಲಿ ಇತ್ತು, ದಾಟಿಕೊಂಡು ಬಂದೆ. ನೀಟಾಗಿ ಜೋಡಿಸಿಟ್ಟಿದ್ದ, ನೀರಿನ ಕಡೆಗೆ. ಮನೆಯೊಳಗೂ ಬಿಡದ ಚಪ್ಪಲಿಯನ್ನು ಅಪ್ಪ ಅಲ್ಲಿ ಯಾಕೆ...