ಹಗ್ಗದ ಕೆಳತುದಿಯಿಂದ

ಸಮಸ್ತರಿಗೂ, ಅಂದರೆ ನಮ್ಮನ್ನು ಬಿಟ್ಟುಹೋದ ನಿನಗೊಬ್ಬನಿಗೆ, ಈ ಮೂಲಕ ಘೋಷಿಸುವುದೇನೆಂದರೆ: ನಮ್ಮ ನಾಲ್ಕು ವರ್ಷದ ಮಗಳು ಇಂದು ಬೆಳಿಗ್ಗೆ ನನ್ನ ಎರಡರಷ್ಟು ಎತ್ತರದ ಬಂಡೆಯನ್ನು ಜಯಿಸಿದ್ದಾಳೆ. ನಮ್ಮ ಎರಡನೆಯ ಕೂಸು ಚಿಕ್ಕಮ್ಮನ ತೊಡೆಯ ಮೇಲೆ ಕೂತು, ಮಣ್ಣು ತಿಂದು, ಸಮಾರಂಭಕ್ಕೆ ಕಳೆ ತಂದಿತು. ಅವಳು ಬೀಳದಂತೆ ಕೆಳಗೆ ಹಗ್ಗ ಹಿಡಿದು ನಿಂತವಳು, ನಿನ್ನ ಬದಲು, ನಾನು.

ಹತ್ತುವ ಮುಂಚೆ ಅವಳು ಕೂಗಿದಳು: "ಅಪ್ಪಾ, ಹಿಡ್ಕೊಂಡಿದ್ದೀಯಾ?"

"ಅಪ್ಪ ಇಲ್ಲ ಪುಟ್ಟಿ, ನಾನಿದೀನಿ."

"ಗೊತ್ತಮ್ಮಾ! ಅದನ್ನ ಹಂಗೇ ಕೇಳೋದು. ನೀನು 'ಹಿಡ್ಕೊಂಡಿದ್ದೀನಿ, ಹತ್ತು' ಅನ್ಬೇಕು."

ಅಂದೆ. ನೀನು ಎಂದೂ ಅನ್ನದಷ್ಟು ಗಟ್ಟಿಯಾಗಿ ಅಂದೆ.

ಈ ಪತ್ರವನ್ನು ಅಂಚೆಗೆ ಹಾಕುವಷ್ಟು ದಡ್ಡಿ ನಾನಲ್ಲ. ಆದರೂ ನಿನಗೇ ಹೊಳೆದರೆ ಒಂದು ಉಪಕಾರ ಮಾಡು. ಗಡಿಬಿಡಿಯಲ್ಲಿ ನಿನ್ನ ಸಾಮಾನಿನ ಜೊತೆ ಅವಳ ಬಂಡೆ ಹತ್ತುವ ಹೆಲ್ಮೆಟ್ಟೂ ಹೋಗಿದೆ. ನಿನ್ನ ತಲೆಗೆ ಅದು ಆಗುವುದಿಲ್ಲ, ನನ್ನದು ಅವಳ ಕಣ್ಣು ಮುಚ್ಚುತ್ತದೆ. ಯಾರ ಕೈಯಲ್ಲಾದರೂ ಕಳಿಸಿಕೊಡು. ನೀನೇ ತರುವುದು ಬೇಡ.