ಹಸಿರು ಅಂಗಿಯವನ ಹಿಂದೆ

ಹಿಬಾರಾ, ಕ್ಯೂಬಾ
ಮಾರ್ಚ್ ೧೪

ಪ್ರೀತಿಯ ನೆರೈದಾ ಅಕ್ಕಾ,

ಲುವಾಂಡಾದ ಸೆಕೆ ಈಗಲಾದರೂ ಒಗ್ಗಿತೇ? ಮೊಣಕಾಲಿನ ನೋವು ಹೇಗಿದೆ? ಆಸ್ಪತ್ರೆಯ ಪಾಳಿ ಮುಗಿಸಿ ಬಂದು ಕಾಫಿ ಕುಡಿದು ಅದನ್ನೇ ಊಟ ಅನ್ನುತ್ತೀಯೆಂದು ಅಮ್ಮ ಇಲ್ಲಿಂದಲೇ ಬೈಯುತ್ತಾಳೆ. ಅವಳು ಗಟ್ಟಿಯಾಗಿದ್ದಾಳೆ. ಕಣ್ಣು ಮಾತ್ರ ಇನ್ನಷ್ಟು ಮಂಜಾಗಿದೆ, ನನ್ನನ್ನು ಹೆಜ್ಜೆ ಸದ್ದಿನಿಂದಲೇ ಗುರುತಿಸುತ್ತಾಳೆ. ನೀನು ಕಳಿಸಿದ ಅಂಗಿ ತಲುಪಿತು. ತೋಳು ಸ್ವಲ್ಪ ಉದ್ದ, ಮಡಚಿಕೊಂಡರೆ ಸರಿ. ನಾನು ಹವಾಮಾನ ಕೇಂದ್ರದಲ್ಲಿ ಗಾಳಿ ಎತ್ತ ಬೀಸಿತೆಂದು ಎಂದಿನಂತೆ ಬರೆದಿಡುತ್ತಿದ್ದೇನೆ. ಆ ಕೆಲಸದಲ್ಲಿ ಒಂದು ಸುಖವಿದೆ. ಗಾಳಿಯನ್ನು ಯಾಕೆ ತಡೆಯಲಿಲ್ಲವೆಂದು ಯಾರೂ ಕೇಳುವುದಿಲ್ಲ.

ಮಂಗಳವಾರದಿಂದ ಈ ಊರಿನ ಮೇಲೆ ನನಗೆ ಸಿಟ್ಟು, ಇನ್ನೂ ಇಳಿದಿಲ್ಲ. ಅಂದು ಔಷಧಿ ಅಂಗಡಿಗೆ ಮೂರು ವಾರದ ಮೇಲೆ ಮಾಲು ಬಂದಿತ್ತು. ನಿಮ್ಮಲ್ಲಿ ಸಾಲಿಗೆ ಚೀಟಿ ಕೊಡುತ್ತಾರೆಂದು ನೀನು ಬರೆದಿದ್ದೆ. ಇಲ್ಲಿ ಇನ್ನೂ ನೆನಪೇ ಚೀಟಿ. ಬಂದವರು ‘ಕೊನೆಯವರು ಯಾರು?’ ಎಂದು ಕೂಗಬೇಕು, ಕೈ ಎತ್ತಿದವರ ಮುಖ ನೆನಪಿಟ್ಟುಕೊಂಡು ನೆರಳಲ್ಲಿ ಕೂರಬೇಕು. ಸಾಲು ಬಿಡುವವರು ತಮ್ಮ ಮುಂದಿದ್ದವರನ್ನು ಹಿಂದಿನವರಿಗೆ ತೋರಿಸಿ ಹೋಗಬೇಕು. ಬ್ರೆಡ್ಡಿನ ಸಾಲಿನಲ್ಲಿ ಕಿವಿ ಹಿಂಡಿ ಇದನ್ನು ನನಗೆ ಕಲಿಸಿದವಳು ನೀನೇ.

ದೋಣಿ ರಿಪೇರಿಯ ಹೆರ್ಮಿನಿಯೋ ತಾತ ನೆನಪಿದ್ದಾರಲ್ಲ? ಅವರ ಹೆಂಡತಿ ಎಲ್ವಿರಾಗೆ ಫಿಟ್ಸ್. ಮನೆಯಲ್ಲಿದ್ದ ಮಾತ್ರೆ ಎರಡು ದಿನ ಮುಂಚೆಯೇ ಮುಗಿದಿತ್ತು. ತಾತ ಬಂದು, ಕೊನೆಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದ ಹಸಿರು ಅಂಗಿಯವನನ್ನು ನೋಡಿಟ್ಟುಕೊಂಡು, ಪಾರ್ಕಿನ ಮರದಡಿ ಕುಳಿತರು. ಅವರ ಕಿವಿ ಮಂದ. ಅಷ್ಟರಲ್ಲಿ ಹಸಿರು ಅಂಗಿಯವನು ಒಂದು ಮಾತೂ ಹೇಳದೆ ಹೊರಟುಹೋದ. ಆಮೇಲೆ ನಮ್ಮ ಬೀದಿಯ ಯಾಮಿಲಾ ಬಂದು ಕೊನೆಯವರು ಯಾರೆಂದು ಕೂಗಿದ್ದು ತಾತನಿಗೆ ಕೇಳಿಸಲಿಲ್ಲ. ಹಸಿರು ಅಂಗಿಯವನ ಮುಂದಿದ್ದವಳು ಕೈ ಎತ್ತಿದಳು. ಇಬ್ಬರನ್ನೂ ಬಿಟ್ಟು ಸಾಲು ಮತ್ತೆ ಕೂಡಿಕೊಂಡಿತು.

ತಾತ ಬಾಗಿಲಿಗೆ ಬಂದಾಗ ಯಾಮಿಲಾ ಕೈ ಅಡ್ಡ ಇಟ್ಟಳು. “ನಿಮ್ ಮುಂದೆ ಯಾರಿದ್ರು ತಾತಾ?” “ಹಸಿರು ಅಂಗಿಯೋನಮ್ಮಾ.” “ಎಲ್ಲಿ, ತೋರ್ಸಿ ನೋಡೋಣ! ಈ ಬೀದೀಲಿ ಹಸಿರಾಗಿರೋದು ನಮ್ಮನೆ ಗಿಳಿ ಒಂದೇ!” ಎಲ್ಲರೂ ನಕ್ಕರು. ಇನ್ನೊಬ್ಬ, “ವಯಸ್ಸಾಯ್ತು ಅಂತ ನಮ್ಮ ತಲೆ ಮೇಲೆ ಹತ್ಕೊಂಡ್ ಹೋಗ್ತೀರಾ? ನಡೀರಿ ಹಿಂದಕ್ಕೆ” ಅಂದ. ತಾತ ಕೈಯಲ್ಲಿದ್ದ ಟೋಪಿ ತಿರುಗಿಸುತ್ತ, “ಇದ್ದ ಕಣಪ್ಪಾ, ಅವನು ಇದ್ದ” ಅನ್ನುತ್ತಲೇ ಸಾಲಿನ ತುದಿಗೆ ನಡೆದರು. ಅವರ ಮುಂದೆ ಇನ್ನು ನಾಲ್ಕೇ ಜನ ಇದ್ದಾಗ ಮಾತ್ರೆ ಮುಗಿಯಿತು. ಮರುದಿನ ಎಲ್ವಿರಾ ಒಲೆಯ ಪಕ್ಕ ಬಿದ್ದರು, ಮೊಣಕೈವರೆಗೆ ಸುಟ್ಟಿದೆ. ಮುಂದಿನ ಮಾಲಿಗೆ ಮತ್ತೆ ಮೂರು ವಾರ.

ಯಾಮಿಲಾ ಕೆಟ್ಟವಳಾಗಿದ್ದರೆ ಬರೆಯುವುದು ಸುಲಭವಾಗುತ್ತಿತ್ತು. ಕಳೆದ ಬಿರುಗಾಳಿಯಲ್ಲಿ ಮೂರು ಮನೆಯವರಿಗೆ ಅನ್ನ, ಕಪ್ಪು ಬೀನ್ಸ್ ಕಾಳು ಬೇಯಿಸಿ ಹಾಕಿದವಳು ಅವಳೇ. ತಾತನನ್ನು ಹಿಂದಕ್ಕೆ ಕಳಿಸಿದವನ ಹೆಗಲ ಮೇಲೇರಿಯೇ ಅಮ್ಮ ಆಗ ನೀರು ದಾಟಿದ್ದಳು. ಛಾವಣಿ ಹಾರಿದರೆ ನಾವೆಲ್ಲ ಒಳ್ಳೆಯವರು. ಬಿಸಿಲು ಕಾಯುವ ಒಂದು ಸಾಧಾರಣ ಮಂಗಳವಾರಕ್ಕೆ ನಮ್ಮಲ್ಲಿ ಏನೂ ಉಳಿದಿರುವುದಿಲ್ಲ. ‘ಹೌದು, ತಾತ ಇದ್ದರು’ ಎಂದು ಒಬ್ಬರು ಅಂದಿದ್ದರೆ ಸಾಕಿತ್ತು. ಎದುರಿನ ಜಗಲಿಯ ಕಂಬದ ಪಕ್ಕ ನಿಂತು ನಾನು ತಾತ ಹಿಂದಕ್ಕೆ ನಡೆದದ್ದನ್ನು ನೋಡಿದೆ, ಗಾಳಿಯನ್ನು ನೋಡುವ ಹಾಗೆ. ಸುದ್ದಿ ಅಮ್ಮನಿಗೂ ಮುಟ್ಟಿತು. ತಟ್ಟೆಯಲ್ಲಿದ್ದ ಮೊಟ್ಟೆಯ ಹಳದಿಯನ್ನು ಬ್ರೆಡ್ಡಿನಿಂದ ಒರೆಸಿಕೊಳ್ಳುತ್ತ, “ಯಾವ ತಾಯಿ ಹೆತ್ತಳೋ ಆ ಹಸಿರು ಅಂಗಿಯೋನನ್ನ!” ಅಂದಳು.

ಅಮ್ಮ ದಿನವೂ ನಿನ್ನ ಹೆಸರಿನಲ್ಲಿ ಮರಿಯಮ್ಮನ ಮುಂದೆ ಮೇಣದ ಬತ್ತಿ ಹಚ್ಚುತ್ತಾಳೆ. ಅವಳ ಆಶೀರ್ವಾದ ಇದರೊಂದಿಗಿದೆ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ತಮ್ಮ,
ಎವೆಲಿಯೋ

ತಾ.ಕ.: ಪತ್ರ ಒಯ್ಯುವ ನಿನ್ನ ಜೊತೆಯ ನರ್ಸ್ ಬಾಗಿಲಲ್ಲೇ ನಿಂತಿದ್ದಾರೆ. ಅಕ್ಕಾ, ನೀನು ಕಳಿಸಿದ ಅಂಗಿಯ ಬಣ್ಣ ಅಮ್ಮನಿಗೆ ಕಾಣುವುದಿಲ್ಲ, ಆ ಬಣ್ಣ ನಿನಗೆ ಗೊತ್ತಿದೆ. ಮೂಲೆ ಅಂಗಡಿಗೆ ಮೊಟ್ಟೆ ಬಂತೆಂದು ಯಾರೋ ಕೂಗಿದರು, ಸಾಲು ಬಿಟ್ಟು ಓಡಿದೆ. ಟ್ರೇ ಹಿಡಿದು ಮರಳಿದಾಗ ತಾತ ‘ಅವನು ಇದ್ದ’ ಅನ್ನುತ್ತಿದ್ದರು. ನಡುವೆ ನಡೆದದ್ದು ಆಮೇಲೆ ಕೇಳಿದ್ದು. ರಸ್ತೆ ದಾಟಲು ಹತ್ತು ಹೆಜ್ಜೆ. ಮೊಟ್ಟೆ ಒಡೆದೀತೆಂದು ನಿಂತೆನೆಂದು ನನಗೆ ನಾನೇ ಹೇಳಿಕೊಂಡೆ. ಎಲ್ವಿರಾಳ ಮಾತ್ರೆಯ ಹೆಸರು ಹಾಳೆಯ ಹಿಂಬದಿಯಲ್ಲಿದೆ. ಮೊದಲು ಬರುವವರ ಕೈಯಲ್ಲಿ ಕಳಿಸು. ಅಲ್ಲಿಯವರೆಗೆ ನಾನು ಕಾಯುವುದಿಲ್ಲ. ಅಂಗಿ ತೊಟ್ಟಿದ್ದೇನೆ, ತಾತನ ಮನೆಗೆ ಈಗಲೇ ಹೊರಟೆ. ಮೊದಲು ಯಾಮಿಲಾಳ ಬಾಗಿಲಲ್ಲಿ ನಿಲ್ಲುತ್ತೇನೆ.